ತೂಬಿನ ಹಲಗೆ ಯಾರ ಕೈಯಲ್ಲಿ?

ಕುದುರೆ, ಕೋವಿ, ಧೂಳು - ಈ ಮೂರು ಕೂಡಿದರೆ ಅಮೆರಿಕದ 'ವೆಸ್ಟರ್ನ್' ಚಲಚ್ಚಿತ್ರವಾಯಿತೆಂಬುದು ನಮ್ಮಲ್ಲಿ ರೂಢವಾದ ಅಭಿಪ್ರಾಯ. ಪಟ್ಟಣದ ಚಿತ್ರಮಂದಿರಗಳಲ್ಲಿ ಇಂಥ ಚಿತ್ರಗಳನ್ನು ನೋಡಿ ಬೆಳೆದವರ ನೆನಪಿನಲ್ಲಿ ಉಳಿದಿರುವುದೂ ಇವೇ. ಯಾರು ಮೊದಲು ಕೋವಿಯನ್ನು ಸೆಳೆದರು, ಯಾರು ಕೆಳಗುರುಳಿದರು ಎಂಬುದು ಮನಸ್ಸಿನಲ್ಲಿ ನಿಲ್ಲುತ್ತದೆ. ಅವರು ಯಾತಕ್ಕಾಗಿ ಕಾದಾಡಿದರು ಎಂಬುದು ಮರೆತುಹೋಗುತ್ತದೆ. ಆದರೆ ಈ ಜಾತಿಯ ಒಳ್ಳೆಯ ಚಿತ್ರಗಳನ್ನು ಎರಡನೆಯ ಸಲ ನೋಡಿದವರಿಗೆ ಧೂಳಿನ ಹಿಂದೆ ಇನ್ನೊಂದು ವಸ್ತು ಕಾಣಿಸುತ್ತದೆ. ಅದು ನೀರು. ದನ ಕುಡಿಯುವ ನೀರು, ಹೊಲಕ್ಕೆ ಹಾಯಿಸುವ ನೀರು, ಒಬ್ಬನಿಗೆ ಸಿಕ್ಕು ಇನ್ನೊಬ್ಬನಿಗೆ ತಪ್ಪುವ ನೀರು. ಅಂಥ ಎರಡು ಚಿತ್ರಗಳ ಮಾತನ್ನು ಮೊದಲು ಆಡಿ, ಅಲ್ಲಿಂದ ನಮ್ಮ ಕಾರವಾರ, ಅಂಕೋಲೆಗಳ ಗಜನಿ ಗದ್ದೆಗಳಿಗೆ ಬರಬೇಕೆಂಬುದು ನನ್ನ ಇಂದಿನ ಉದ್ದೇಶ.

ಮೊದಲನೆಯದು 1953ರಲ್ಲಿ ಬಂದ 'ಶೇನ್'. ಜಾರ್ಜ್ ಸ್ಟೀವನ್ಸ್ ಅದರ ನಿರ್ದೇಶಕ. ಜಾಕ್ ಶೇಫರ್ ಎಂಬ ಲೇಖಕನ ಕಾದಂಬರಿ ಅದಕ್ಕೆ ಆಧಾರ. ವಯೋಮಿಂಗ್ ಪ್ರಾಂತದ ಒಂದು ಕಣಿವೆಯಲ್ಲಿ ಕೆಲವು ಬಡ ಕುಟುಂಬಗಳು ಸರಕಾರ ಕೊಟ್ಟ ನೆಲದಲ್ಲಿ ಬೇಲಿ ಕಟ್ಟಿ ಬೇಸಾಯಕ್ಕೆ ತೊಡಗಿವೆ. ಅದೇ ಕಣಿವೆಯಲ್ಲಿ ಬಹಳ ಹಿಂದಿನಿಂದ ಸಾವಿರಾರು ದನಗಳನ್ನು ಮೇಯಿಸಿಕೊಂಡು ಬಂದ ರೈಕರ್ ಎಂಬ ಧನಿಕನಿಗೆ ಇದು ಸಹಿಸದು. ಬೆದರಿಕೆ, ಹೊಡೆದಾಟ, ಕೊನೆಗೆ ಕೂಲಿಗೆ ಕರೆಸಿದ ಕೊಲೆಗಾರ - ಹೀಗೆ ಕಥೆ ಬೆಳೆಯುತ್ತದೆ. ಎಲ್ಲಿಂದಲೋ ಬಂದ ಶೇನ್ ಎಂಬ ಅಪರಿಚಿತ ಸವಾರ ಒಕ್ಕಲುಗಳ ಪರವಾಗಿ ನಿಂತು, ಆ ಕೊಲೆಗಾರನನ್ನೂ ರೈಕರನನ್ನೂ ಕೊಂದು, ತಾನೂ ಗಾಯಗೊಂಡು, ಒಬ್ಬ ಹುಡುಗನ ಕೂಗಿಗೆ ಓಗೊಡದೆ ಬೆಟ್ಟದತ್ತ ಹೊರಟುಹೋಗುತ್ತಾನೆ.

ಆದರೆ ಈ ಚಿತ್ರದಲ್ಲಿ ನನಗೆ ಬಹು ಮುಖ್ಯವೆನಿಸಿದ ಭಾಗ ಆ ಕೊನೆಯ ಗುಂಡಿನ ಕಾಳಗವಲ್ಲ. ನಡುವೆ ಒಂದು ರಾತ್ರಿ ರೈಕರ್ ತಾನೇ ಒಕ್ಕಲಿನವನ ಮನೆಯ ಅಂಗಳಕ್ಕೆ ಬಂದು ತನ್ನ ಪಕ್ಷವನ್ನು ಹೇಳಿಕೊಳ್ಳುತ್ತಾನೆ. ಈ ಕಣಿವೆಯನ್ನು ಮೊದಲು ಬದುಕಲು ಯೋಗ್ಯವಾಗಿ ಮಾಡಿದವರು ನಾವು. ನೀವು ಬಂದು ಬೇಲಿ ಹಾಕಿ ನನ್ನ ದನಗಳನ್ನು ನೀರಿನಿಂದ ದೂರ ಮಾಡಿದಿರಿ. ಕಾಲುವೆ ತೋಡಿ ಹೊಲಕ್ಕೆ ನೀರು ತಿರುಗಿಸಿದಿರಿ. ಹಳ್ಳ ಬತ್ತಿದಾಗ ನಾನು ದನಗಳನ್ನು ಹೊಡೆದುಕೊಂಡು ಬೇರೆಡೆಗೆ ಹೋಗಬೇಕಾಯಿತು - ಇದು ಅವನ ವಾದದ ತಿರುಳು. ಖಳನಾಯಕನ ಬಾಯಲ್ಲಿಯೂ ಹುರುಳಿರುವ ಮಾತನ್ನು ಆಡಿಸಿದ್ದು ಸ್ಟೀವನ್ಸನ ದೊಡ್ಡತನ. ದನಗಾರನೂ ಸುಳ್ಳಾಡುತ್ತಿಲ್ಲ, ಒಕ್ಕಲಿನವನೂ ಸುಳ್ಳಾಡುತ್ತಿಲ್ಲ. ಒಂದೇ ಹಳ್ಳದ ನೀರು ಇಬ್ಬರಿಗೂ ಬೇಕು. ಒಬ್ಬನ ಬಾಳುವೆ ಇನ್ನೊಬ್ಬನ ಬಾಳುವೆಯನ್ನು ಒಣಗಿಸುತ್ತದೆ.

ಇದು ಕಟ್ಟುಕಥೆ ಮಾತ್ರವಲ್ಲ. 1862ರಲ್ಲಿ ಅಮೆರಿಕದ ಸಂಸತ್ತು ಒಂದು ಕಾಯಿದೆ ಮಾಡಿ, ಪಶ್ಚಿಮದ ಬಯಲಿನಲ್ಲಿ ನೆಲೆಸಿ ಐದು ವರ್ಷ ಸಾಗುವಳಿ ಮಾಡುವವನಿಗೆ 160 ಎಕರೆ ನೆಲವನ್ನು ಕೊಡುವುದಾಗಿ ಸಾರಿತು. ನಮ್ಮ ಉತ್ತರ ಕನ್ನಡ ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿ, ಕಾರವಾರ ಜಿಲ್ಲೆಯ ಮುಖ್ಯ ಸ್ಥಳವಾದದ್ದೂ ಅದೇ 1862ರಲ್ಲಿ ಎಂಬುದು ಒಂದು ಕಾಕತಾಳೀಯ. 1874ರಲ್ಲಿ ಮುಳ್ಳುತಂತಿಗೆ ಸನ್ನದು ಸಿಕ್ಕಿತು. ಅಲ್ಲಿಂದ ಮುಂದೆ ಬಯಲು ತುಂಡುತುಂಡಾಯಿತು. 1892ರಲ್ಲಿ ವಯೋಮಿಂಗಿನ ಜಾನ್ಸನ್ ಕೌಂಟಿಯಲ್ಲಿ ದೊಡ್ಡ ದನಗಾರರು ಬಾಡಿಗೆಯ ಬಂದೂಕಿನವರನ್ನು ತರಿಸಿ ಸಣ್ಣ ಹಿಡುವಳಿದಾರರ ಮೇಲೆ ದಂಡೆತ್ತಿ ಹೋದರು. ಸೈನ್ಯವೇ ನಡುವೆ ಬರಬೇಕಾಯಿತು. ನೀರಿನ ವಿಷಯದಲ್ಲಿ ಅಲ್ಲಿನ ರಾಜ್ಯಗಳು ತಮ್ಮದೇ ಒಂದು ನ್ಯಾಯವನ್ನು ಕಟ್ಟಿಕೊಂಡವು. ಹೊಳೆಯ ದಡದಲ್ಲಿರುವವನಿಗೆ ಹಕ್ಕು ಎಂಬ ಹಳೆಯ ಇಂಗ್ಲಿಷ್ ನಿಯಮವನ್ನು ಬಿಟ್ಟು, ಮೊದಲು ಬಂದು ಬಳಸಿದವನಿಗೆ ಮೊದಲ ಹಕ್ಕು ಎಂಬ ನಿಯಮವನ್ನು ಸ್ವೀಕರಿಸಿದವು. 1876ರ ಕೊಲೊರಾಡೊ ಸಂವಿಧಾನದಲ್ಲಿಯೇ ಇದು ಸೇರಿದೆ. ಈ ಎರಡು ನಿಯಮಗಳೂ ಕೇಳುವ ಪ್ರಶ್ನೆ ಒಂದೇ: ನೀರು ಯಾರದು?

ಎರಡನೆಯ ಚಿತ್ರ ವಿಲಿಯಂ ವೈಲರ್ ನಿರ್ದೇಶಿಸಿದ, 1958ರ 'ದಿ ಬಿಗ್ ಕಂಟ್ರಿ'. ಇಲ್ಲಿ ನೀರು ಕಥೆಯ ನಡುಗಂಬವೇ ಆಗಿದೆ. ಮೇಜರ್ ಟೆರಿಲ್ ಮತ್ತು ರೂಫಸ್ ಹ್ಯಾನಸಿ ಎಂಬ ಇಬ್ಬರು ದನಗಾರರು ಹಳೆಯ ವೈರಿಗಳು. ಇಬ್ಬರ ದನಗಳಿಗೂ ನೀರು ಕೊಡುವ 'ಬಿಗ್ ಮಡ್ಡಿ' ಎಂಬ ನೆಲ ಇಬ್ಬರದೂ ಅಲ್ಲ. ಅದು ಶಾಲೆಯಲ್ಲಿ ಪಾಠ ಹೇಳುವ ಒಬ್ಬ ತರುಣಿಗೆ ಅವಳ ಅಜ್ಜನಿಂದ ಬಂದ ಆಸ್ತಿ. ಅವಳು ಇಬ್ಬರ ದನಗಳನ್ನೂ ನೀರಿಗೆ ಬಿಡುತ್ತಾಳೆ. ಅದಕ್ಕೇ ಇಬ್ಬರೂ ಆ ನೆಲವನ್ನು ಕೊಳ್ಳಲು ಹಾತೊರೆಯುತ್ತಾರೆ. ಮೇಜರನ ಮಗಳನ್ನು ಮದುವೆಯಾಗಲೆಂದು ಪೂರ್ವ ಭಾಗದಿಂದ ಬಂದ ಜೇಮ್ಸ್ ಮೆಕೇ ಎಂಬವನು ವೃತ್ತಿಯಿಂದ ಹಡಗಿನ ಕಪ್ತಾನ. ಗ್ರೆಗರಿ ಪೆಕ್ ವಹಿಸಿದ ಪಾತ್ರ ಅದು. ಆ ಮರಳುಗಾಡಿನಂಥ ಬಯಲಿನಲ್ಲಿ ಅವನು ದಿಕ್ಸೂಚಿ ಹಿಡಿದು, ಕಡಲಿನಲ್ಲಿ ಹೋದಂತೆ ಒಬ್ಬನೇ ಹೋಗಿ ಬಿಗ್ ಮಡ್ಡಿಯನ್ನು ಕಂಡುಹಿಡಿಯುತ್ತಾನೆ. ಅದನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡು, ಇಬ್ಬರಿಗೂ ನೀರು ತಪ್ಪದೆಂದು ಮಾತು ಕೊಡುತ್ತಾನೆ. ಆ ಮಾತು ನೆಲೆಗೊಳ್ಳುವ ಮೊದಲೇ ಇಬ್ಬರು ಮುದುಕರೂ ಒಂದು ಕಮರಿಯಲ್ಲಿ ಎದುರುಬದುರಾಗಿ ನಿಂತು ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ. ರೂಫಸನ ಪಾತ್ರಕ್ಕೆ ಬರ್ಲ್ ಐವ್ಸನಿಗೆ ಆಸ್ಕರ್ ಪ್ರಶಸ್ತಿ ದೊರೆಯಿತು.

ಎರಡು ಚಿತ್ರಗಳೂ ಪರಿಹಾರವನ್ನು ಹೊರಗಿನಿಂದ ತರಿಸುತ್ತವೆ ಎಂಬುದನ್ನು ಗಮನಿಸಬೇಕು. ಒಂದರಲ್ಲಿ ಅಪರಿಚಿತನ ಕೋವಿ, ಇನ್ನೊಂದರಲ್ಲಿ ಅಪರಿಚಿತನ ಹಣ ಮತ್ತು ಸದ್ಬುದ್ಧಿ. ಒಳ್ಳೆಯ ಒಡೆಯನೊಬ್ಬ ದೊರೆತರೆ ನೀರಿನ ಜಗಳ ತೀರುತ್ತದೆ ಎಂಬ ನಂಬಿಕೆ ಇವುಗಳ ತಳದಲ್ಲಿದೆ. ಆ ನಂಬಿಕೆ ನಮ್ಮ ಕಡಲತೀರದಲ್ಲಿ ಎಷ್ಟು ನಡೆದೀತು?

ಕಾರವಾರ, ಅಂಕೋಲೆಗಳಲ್ಲಿ ನೀರಿನ ಜಗಳವೆಂದರೆ ಘಟ್ಟದ ಮೇಲಿನವರು ನಕ್ಕಾರು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ನಾಡು ಇದು. ಉತ್ತರಕ್ಕೆ ಕಾಳಿ, ದಕ್ಷಿಣಕ್ಕೆ ಗಂಗಾವಳಿ, ನಡುವೆ ಹತ್ತಾರು ಹಳ್ಳಗಳು, ಪಶ್ಚಿಮಕ್ಕೆ ಕಡಲು. ಇಲ್ಲಿ ಕೊರತೆಯಾಗಿರುವುದು ನೀರಲ್ಲ. ಇಲ್ಲಿ ನೀರು ಎರಡು ಬಗೆಯದು: ಬೆಟ್ಟದಿಂದ ಇಳಿಯುವ ಸಿಹಿನೀರು, ಕಡಲಿನಿಂದ ಏರುವ ಉಪ್ಪುನೀರು. ದಿನಕ್ಕೆ ಎರಡು ಸಲ ಭರತ ಬರುತ್ತದೆ, ಎರಡು ಸಲ ಇಳಿತವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಉಬ್ಬರ ಹೆಚ್ಚು. ಈ ಎರಡು ನೀರು ಕೂಡುವ ಅಳಿವೆಯ ಅಂಚಿನ ತಗ್ಗು ನೆಲವೇ ಗಜನಿ. ಸರಕಾರಿ ಕಾಗದಗಳಲ್ಲಿ ಇದಕ್ಕೆ ಖಾರಲ್ಯಾಂಡ್ ಎಂದು ಹೆಸರು. ಗೋವೆಯಲ್ಲಿ ಇಂಥದೇ ನೆಲವನ್ನು ಖಾಜನವೆಂದೂ, ಕೇರಳದಲ್ಲಿ ಇಂಥ ನೆಲದ ಬೆಳೆಯನ್ನು ಪೊಕ್ಕಾಳಿಯೆಂದೂ ಕರೆಯುತ್ತಾರೆ.

ಗಜನಿಯ ರಚನೆ ಸರಳ, ಆದರೆ ಅದರ ಹಿಂದಿರುವ ತಿಳಿವಳಿಕೆ ಸಾಮಾನ್ಯವಾದುದಲ್ಲ. ಹೊಳೆಗೂ ಗದ್ದೆಗೂ ನಡುವೆ ಮಣ್ಣಿನ ಒಡ್ಡು, ಒಡ್ಡಿನಲ್ಲಿ ಅಲ್ಲಲ್ಲಿ ತೂಬು, ತೂಬಿಗೆ ಹಲಗೆಗಳು. ಮಳೆ ಹಿಡಿದ ಮೇಲೆ ಹಲಗೆ ಮುಚ್ಚಿ ಭರತದ ನೀರನ್ನು ಹೊರಗೆ ತಡೆಯುತ್ತಾರೆ. ಇಳಿತದ ಹೊತ್ತಿಗೆ ಹಲಗೆ ಎತ್ತಿ, ಉಪ್ಪನ್ನು ತೊಳೆದ ಮಳೆನೀರನ್ನು ಹೊರಗೆ ಬಿಡುತ್ತಾರೆ. ಮಣ್ಣಿನ ಉಪ್ಪು ಕಡಿಮೆಯಾದ ಮೇಲೆ ಕಗ್ಗದ ಬಿತ್ತನೆ. ಕಗ್ಗವೆಂಬುದು ನಮ್ಮ ಕರಾವಳಿಯ ಹಳೆಯ ಬತ್ತದ ತಳಿ. ಉದ್ದನೆಯ ದಂಟಿನದು, ಉಪ್ಪನ್ನು ತಡೆಯಬಲ್ಲದು, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದು. ಅದಕ್ಕೆ ಗೊಬ್ಬರ ಬೇಕಿಲ್ಲ. ಭರತದ ನೀರು ಬೇಸಿಗೆಯಲ್ಲಿ ತಂದು ಹರಡಿದ ರೇವೆಯೇ ಗೊಬ್ಬರ. ಕೊಯ್ಲಾದ ಮೇಲೆ ಹಲಗೆ ತೆರೆಯುತ್ತದೆ. ಉಪ್ಪುನೀರಿನೊಂದಿಗೆ ಮೀನಿನ ಮರಿ, ಸಿಗಡಿಯ ಮರಿ ಒಳಗೆ ಬರುತ್ತವೆ. ಕೊಳೆಯುವ ಕೂಳೆಯಲ್ಲಿ ಮೇವು ಕಂಡು ಬೆಳೆಯುತ್ತವೆ. ಇಳಿತದ ವೇಳೆ ತೂಬಿಗೆ ಬಲೆ ಒಡ್ಡಿದರೆ ಬೆಳೆದವು ಸಿಗುತ್ತವೆ. ಹೀಗೆ ಒಂದೇ ನೆಲದಲ್ಲಿ ಆರು ತಿಂಗಳು ಅನ್ನ, ಆರು ತಿಂಗಳು ಮೀನು. ಬತ್ತದ ಕೂಳೆ ಮೀನಿಗೆ ಆಹಾರ, ಮೀನಿನ ಹಿಕ್ಕೆ ಬತ್ತಕ್ಕೆ ಸಾರ.

ಈ ವ್ಯವಸ್ಥೆಯಲ್ಲಿ ಪಾಲುಗೊಂಡವರು ಒಂದೇ ಜಾತಿಯವರಲ್ಲ, ಒಂದೇ ಕಸುಬಿನವರೂ ಅಲ್ಲ. ನಾಡವರು, ಹಾಲಕ್ಕಿ ಒಕ್ಕಲಿಗರು, ಕೋಮಾರಪಂತರು ಗದ್ದೆಯಲ್ಲಿ ದುಡಿದವರು. ಅಂಬಿಗರು, ಹರಿಕಂತ್ರರು, ಖಾರ್ವಿಗಳು ನೀರಿನಲ್ಲಿ ದುಡಿದವರು. ಕನ್ನಡವೂ ಕೊಂಕಣಿಯೂ ಒಂದೇ ಒಡ್ಡಿನ ಮೇಲೆ ಕೇಳಿಸುವ ಪ್ರದೇಶ ಇದು. ಇವರೆಲ್ಲರ ನಡುವೆ ನಿಂತದ್ದು ಆ ಹಲಗೆ. ಅದನ್ನು ಯಾವ ದಿನ ಮುಚ್ಚಬೇಕು, ಯಾವ ದಿನ ತೆರೆಯಬೇಕು ಎಂಬುದರ ಮೇಲೆ ಎಲ್ಲರ ಅನ್ನವೂ ನಿಂತಿತ್ತು. ಹತ್ತು ದಿನ ತಡವಾಗಿ ಮುಚ್ಚಿದರೆ ಮಣ್ಣಿನ ಉಪ್ಪು ತೊಳೆಯದು, ಬೀಜ ಮೊಳೆಯದು. ಹತ್ತು ದಿನ ಮೊದಲು ತೆರೆದರೆ ನಿಂತ ಪೈರು ಹೋಗುತ್ತದೆ. ಇತ್ತ ತೆರೆಯುವುದು ತಡವಾದಂತೆ ಮೀನಿನ ಋತು ಮೊಟಕಾಗುತ್ತದೆ.

ಇಲ್ಲಿಗೆ ರೈಕರನ ಹಳ್ಳ ನಮ್ಮ ಅಂಗಳಕ್ಕೆ ಬಂತು. ಒಂದೇ ವ್ಯತ್ಯಾಸ. ಅಲ್ಲಿ ಒಬ್ಬನು ನೀರನ್ನು ಬಳಸಿದರೆ ಇನ್ನೊಬ್ಬನಿಗೆ ಉಳಿಯುವುದಿಲ್ಲ. ಇಲ್ಲಿ ನೀರು ಮುಗಿಯುವುದಿಲ್ಲ. ಹೊತ್ತು ತಪ್ಪಿ ಬಂದ ನೀರು ವಿಷವಾಗುತ್ತದೆ. ಆದುದರಿಂದ ಗಜನಿಯ ನ್ಯಾಯ 'ನೀರು ಯಾರದು' ಎಂಬ ಪ್ರಶ್ನೆಯಿಂದ ತೀರುವಂಥದಲ್ಲ. 'ಯಾವಾಗ' ಎಂಬುದೇ ಅದರ ಪ್ರಶ್ನೆ. ಭೂಮಿಯ ಹಕ್ಕುಪತ್ರದಲ್ಲಿ ಹೆಸರಿರುತ್ತದೆ, ಕ್ಷೇತ್ರವಿರುತ್ತದೆ, ನಾಲ್ಕು ಗಡಿಗಳಿರುತ್ತವೆ. ತಿಥಿ ಮಾತ್ರ ಇರುವುದಿಲ್ಲ. ಆ ತಿಥಿಯನ್ನು ಕಾಯ್ದುಕೊಂಡು ಬಂದದ್ದು ಊರಿನ ಒಡಂಬಡಿಕೆ.

ಅಂಕೋಲೆಯ ಜನಕ್ಕೆ ಹಕ್ಕಿನ ಹೋರಾಟ ಹೊಸದಲ್ಲ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಕಡಲಿನ ನೀರನ್ನು ಕಾಯಿಸಿ ಉಪ್ಪು ಮಾಡುವುದಕ್ಕೆ ಸರಕಾರದ ಅಪ್ಪಣೆ ಏಕೆ ಬೇಕು ಎಂಬ ಪ್ರಶ್ನೆಯನ್ನು ಉಪ್ಪುನೀರಿನ ಮಗ್ಗುಲಲ್ಲೇ ಬಾಳುವ ಜನ ಕೇಳಿದಾಗ ಅದಕ್ಕೆ ಒಂದು ವಿಶೇಷ ಅರ್ಥವಿತ್ತು. ಅನಂತರ ಕರನಿರಾಕರಣೆಯ ಚಳವಳಿಯಲ್ಲಿ ಇಲ್ಲಿನ ರೈತರು ಮನೆ, ಹೊಲ, ದನಕರುಗಳನ್ನು ಕಳೆದುಕೊಂಡರು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂತು. ಮುಂದೆ ದಿನಕರ ದೇಸಾಯಿಯವರು ಗೇಣಿದಾರರನ್ನು ಸಂಘಟಿಸಿದರು. ಅದಕ್ಕಾಗಿ ಬ್ರಿಟಿಷ್ ಸರಕಾರದಿಂದ ಜಿಲ್ಲೆಯ ಗಡಿಯಾಚೆಗೆ ಹಾಕಿಸಿಕೊಂಡರು. ಚುಟುಕಗಳ ಕವಿಯೆಂದು ನಾಡೆಲ್ಲ ಬಲ್ಲ ಅವರನ್ನು ಇಲ್ಲಿನ ಒಕ್ಕಲು ಮೊದಲು ಬಲ್ಲದ್ದು ಗೇಣಿಯ ಹೋರಾಟದಿಂದ. 1974ರ ಭೂಸುಧಾರಣೆ ತಿದ್ದುಪಡಿಯಿಂದ ಉಳುವವನಿಗೆ ನೆಲದ ಒಡೆತನ ಬಂತು. ಅದು ನಡೆಯಲೇಬೇಕಾಗಿದ್ದ ನ್ಯಾಯ.

ಆದರೆ ಆ ನ್ಯಾಯ ನೆಲವನ್ನು ಹಂಚಬಲ್ಲುದಾಗಿತ್ತು. ಒಡ್ಡನ್ನೂ ತೂಬನ್ನೂ ಹಂಚುವುದು ಹೇಗೆ? ಗಜನಿಯಲ್ಲಿ ಒಬ್ಬೊಬ್ಬರ ಪಾಲು ಹತ್ತಿಪ್ಪತ್ತು ಗುಂಟೆ ಇರಬಹುದು, ಎರಡು ಮೂರು ಎಕರೆ ಇರಬಹುದು. ಒಡ್ಡು ಎಲ್ಲರಿಗೂ ಒಂದೇ. ಒಂದು ಕಡೆ ಏಡಿ ಕೊರೆದ ತೂತು ದೊಡ್ಡದಾದರೆ ಎಲ್ಲರ ಗದ್ದೆಯೂ ಉಪ್ಪಾಗುತ್ತದೆ. ಹಿಂದೆ ವರ್ಷವರ್ಷವೂ ಮನೆಗೊಂದಾಳು ಕೂಡಿ ಒಡ್ಡಿಗೆ ಮಣ್ಣು ಹಾಕುತ್ತಿದ್ದರು. ಅದರಲ್ಲಿ ಬಲವಂತವಿರಲಿಲ್ಲವೆಂದಾಗಲೀ, ಧಣಿಯ ಮಾತಿಗೆ ಅಂಜಿಕೆಯಿರಲಿಲ್ಲವೆಂದಾಗಲೀ ಹೇಳಲಾಗದು. ಹಳೆಯದನ್ನು ಸ್ವರ್ಗವೆಂದು ವರ್ಣಿಸುವುದು ಸತ್ಯಕ್ಕೆ ಅಪಚಾರ. ಸ್ವಾತಂತ್ರ್ಯದ ಅನಂತರ ಖಾರಲ್ಯಾಂಡ್ ಯೋಜನೆಗಳಲ್ಲಿ ಸರಕಾರ ಕಲ್ಲಿನ ಗಟ್ಟಿ ಒಡ್ಡುಗಳನ್ನು ಕಟ್ಟಿಸಿತು. ಒಡ್ಡು ಗಟ್ಟಿಯಾಯಿತು, ಅದನ್ನು ನೋಡಿಕೊಳ್ಳುವ ಹೊಣೆ ಮಾತ್ರ ಊರಿನ ಕೈಯಿಂದ ಕಚೇರಿಯ ಕೈಗೆ ಜಾರಿತು. ಕಚೇರಿ ಕಾಗದವನ್ನು ನೋಡುತ್ತದೆ. ಏಡಿಯ ತೂತನ್ನು ನೋಡಲು ಒಡ್ಡಿನ ಮೇಲೆ ನಡೆಯುವವನೇ ಬೇಕು.

ಅದೇ ಕಾಲಕ್ಕೆ ಇನ್ನೊಂದು ಬದಲಾವಣೆ ಬಂತು. ಸಿಗಡಿಗೆ ವಿದೇಶದ ಪೇಟೆಯಲ್ಲಿ ಬೆಲೆ ಏರಿತು. ಬೇಸಿಗೆಯ ಮೀನಿನ ಹಕ್ಕನ್ನು ಹರಾಜು ಹಾಕಿ, ಬಂದ ಹಣದಲ್ಲಿ ಒಡ್ಡಿನ ದುರಸ್ತಿ, ದೇವಸ್ಥಾನದ ಕೆಲಸ, ಪಾಲುದಾರರ ಹಂಚಿಕೆ ಮಾಡಿಕೊಳ್ಳುವ ಪದ್ಧತಿ ಗಜನಿಯ ಪ್ರದೇಶದಲ್ಲಿ ಮೊದಲೇ ಇತ್ತು. ಹಿಂದೆ ಮೀನು ಬತ್ತದ ಬೆನ್ನಿಗೆ ಬರುವ ಉಪಬೆಳೆ. ಈಗ ಬತ್ತವೇ ಮೀನಿಗೆ ಅಡ್ಡಿಯೆನಿಸತೊಡಗಿತು. ಹರಾಜು ಹಿಡಿದವನು ಹಾಕಿದ ಹಣ ತೆಗೆಯಬೇಕು. ಹಲಗೆಯನ್ನು ಒಂದು ವಾರ ಮೊದಲೇ ಎತ್ತಿದರೆ, ಹದಿನೈದು ದಿನ ತಡವಾಗಿ ಮುಚ್ಚಿದರೆ ಅವನಿಗೆ ಲಾಭ. ಹೊರಗಿನ ಗುತ್ತಿಗೆದಾರನಾದರೆ ಮುಂದಿನ ವರ್ಷದ ಬಿತ್ತನೆಯ ಚಿಂತೆ ಅವನಿಗೆ ಇರಬೇಕಾದ ಕಾರಣವೂ ಇಲ್ಲ. ಗದ್ದೆಯ ಒಡೆಯರಲ್ಲಿಯೂ ಎಷ್ಟೋ ಜನ ಮುಂಬಯಿ, ಗೋವೆಗಳಲ್ಲಿ ನೌಕರಿಯಲ್ಲಿರುವವರು. ಅವರಿಗೆ ಕಗ್ಗದ ಎರಡು ಚೀಲ ಅಕ್ಕಿಗಿಂತ ಕೈಗೆ ಬರುವ ಹಣ ಹಿತ. ಇದರಲ್ಲಿ ಅವರನ್ನು ಹಳಿಯುವುದಕ್ಕೇನೂ ಇಲ್ಲ. ಕೂಲಿ ಏರಿತು, ಕೆಸರಿಗೆ ಇಳಿಯುವ ಆಳು ಸಿಗದಾಯಿತು, ಬತ್ತದ ಬೆಲೆ ಏರಲಿಲ್ಲ. ರೈಕರನ ಮಾತಿನಲ್ಲಿ ಹುರುಳಿದ್ದಂತೆ ಇವರ ಮಾತಿನಲ್ಲಿಯೂ ಹುರುಳಿದೆ.

ಆದರೆ ಗಜನಿಯಲ್ಲಿ ಹತ್ತು ಜನ ಬತ್ತ ಬಿಟ್ಟರೆ ಹನ್ನೊಂದನೆಯವನೂ ಬಿಡಲೇಬೇಕು. ಮೇಲಿನ ಹೊಲದಲ್ಲಿ ಒಬ್ಬ ಕಬ್ಬನ್ನೋ ಇನ್ನೊಬ್ಬ ಶೇಂಗಾವನ್ನೋ ಬೆಳೆದುಕೊಳ್ಳಬಹುದು. ಇಲ್ಲಿ ಅದು ಸಾಧ್ಯವಿಲ್ಲ. ಉಪ್ಪುನೀರಿಗೆ ಸರ್ವೆ ನಂಬರು ತಿಳಿಯದು. ಅದು ಒಡ್ಡಿನ ಅಂಚಿನ ಬಾವಿಗಳಿಗೂ ಇಳಿಯುತ್ತದೆ, ಗಜನಿಯ ಮೇಲ್ಗಡೆಯ ತೆಂಗಿನ ತೋಟಕ್ಕೂ ಬರುತ್ತದೆ. ಹೀಗೆ ಒಬ್ಬನ ಆಯ್ಕೆ ಇನ್ನೊಬ್ಬನ ಗತಿಯಾಗುವುದೇ ಈ ಜಗಳದ ಮೂಲ. ಗದ್ದೆಯವನು ರಾತ್ರಿ ಹೋಗಿ ಹಲಗೆ ಮುಚ್ಚುವುದು, ಮೀನಿನವನು ಬೆಳಗಾಗುವುದರೊಳಗೆ ಅದನ್ನು ಎತ್ತುವುದು, ಪಂಚಾಯತಿಗೆ ದೂರು, ಕಚೇರಿಗೆ ಅರ್ಜಿ - ಇವು ಕೋವಿಯಿಲ್ಲದ ನಮ್ಮ 'ವೆಸ್ಟರ್ನ್' ಕಥೆಯ ದೃಶ್ಯಗಳು. ಇವನ್ನು ಚಿತ್ರಿಸುವುದಕ್ಕೆ ಯಾವ ವೈಲರನೂ ಬರಲಿಲ್ಲ.

1990ರ ದಶಕದ ಆರಂಭದಲ್ಲಿ ಭಾರತದ ಕರಾವಳಿಯುದ್ದಕ್ಕೂ ಬಂಡವಾಳ ಹೂಡಿದ ಸಿಗಡಿ ಕೃಷಿ ಹಬ್ಬಿತು. ಹೊರಗಿನಿಂದ ಮರಿ ತಂದು, ಆಹಾರ ಕೊಟ್ಟು, ವರ್ಷವಿಡೀ ಉಪ್ಪುನೀರು ನಿಲ್ಲಿಸಿ ಬೆಳೆಸುವ ಪದ್ಧತಿ ಅದು. 1994-95ರ ಸುಮಾರಿಗೆ ಬಿಳಿಚುಕ್ಕೆ ರೋಗ ಬಿದ್ದು ಕೊಳಗಳಿಗೆ ಕೊಳಗಳೇ ಬರಿದಾದವು. ಸಾಲ ಮಾಡಿ ಇಳಿದವರು ಸೋತರು. ತಮಿಳುನಾಡಿನ ಸರ್ವೋದಯ ಕಾರ್ಯಕರ್ತ ಎಸ್. ಜಗನ್ನಾಥನ್ ಅವರು ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯ ಮೇಲೆ 1996ರ ಡಿಸೆಂಬರ್ 11ರಂದು ಒಂದು ಪ್ರಸಿದ್ಧ ತೀರ್ಪು ಬಂತು. ಕರಾವಳಿಯ ನಿಯಂತ್ರಿತ ವಲಯದಲ್ಲಿ ಸಿಗಡಿ ಉದ್ಯಮದ ಕೊಳಗಳು ಕೂಡದು, ಬೇಸಾಯದ ಭೂಮಿಯನ್ನೂ ಕಾಂಡ್ಲಾ ಕಾಡನ್ನೂ ಅದಕ್ಕಾಗಿ ಪರಿವರ್ತಿಸಕೂಡದು ಎಂದ ಆ ತೀರ್ಪು, ಪರಂಪರಾಗತ ಪದ್ಧತಿಗೆ ವಿನಾಯಿತಿ ಕೊಟ್ಟಿತು. 2005ರಲ್ಲಿ ಸಂಸತ್ತು ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯಿದೆಯನ್ನು ಮಾಡಿ ನೋಂದಣಿಯ ವ್ಯವಸ್ಥೆ ತಂದಿತು. ಗಜನಿಯ ಹಳೆಯ ಪದ್ಧತಿ ಕಾನೂನಿನ ಕಣ್ಣಿಗೆ ನಿರ್ದೋಷಿಯಾಗಿ ಉಳಿಯಿತು. ಆದರೆ ಯಾವ ಕಾನೂನೂ ಹಲಗೆಯನ್ನು ಮುಚ್ಚಿಸುವ ತಿಥಿಯನ್ನು ಹೇಳಲಿಲ್ಲ.

ಇನ್ನೊಂದು ಮಾತು. 'ಶೇನ್' ಚಿತ್ರದಲ್ಲಿ ದನಗಾರ ಮತ್ತು ಒಕ್ಕಲು ಕಣಿವೆಯ ಒಡೆತನಕ್ಕಾಗಿ ವಾದಿಸುವಾಗ, ಇಬ್ಬರಿಗಿಂತ ಮೊದಲು ಆ ಕಣಿವೆಗಳಲ್ಲಿ ಬಾಳಿದ ಮೂಲನಿವಾಸಿಗಳ ಮಾತು ಬಂದು ಹೋಗುತ್ತದೆ. ಅವರ ಮುಖ ಮಾತ್ರ ತೆರೆಯ ಮೇಲೆ ಕಾಣುವುದಿಲ್ಲ. ಎರಡು ಪಕ್ಷಗಳ ಜಗಳದಲ್ಲಿ ಮೂರನೆಯವರು ಕಣ್ಮರೆಯಾಗುವುದು ಹೀಗೆ. ನಮ್ಮ ಗಜನಿಯಲ್ಲಿಯೂ ಅಂಥ ಮೂರನೆಯವರಿದ್ದಾರೆ. ಹೊಳೆಯ ಕೆಸರಿನಲ್ಲಿ ಬೆಳಚು, ಚಿಪ್ಪಿಕಲ್ಲು ಹೆಕ್ಕುವ ಹೆಂಗಸರು. ಹರಾಜಿನ ಬಲೆ ತೆಗೆದ ಮೇಲೆ ಉಳಿದ ಸಣ್ಣ ಮೀನನ್ನು ಕೈಯಿಂದ ಹಿಡಿಯುವ ಮಕ್ಕಳು. ಕೊಯ್ಲಿಗೆ ಬಂದು ಬತ್ತದ ಪಾಲು ಪಡೆಯುತ್ತಿದ್ದ ಭೂಮಿಯಿಲ್ಲದ ಆಳುಗಳು. ಇವರಿಗೆ ಹಕ್ಕುಪತ್ರವೂ ಇಲ್ಲ, ಹರಾಜಿನಲ್ಲಿ ಕೂಗುವ ಹಣವೂ ಇಲ್ಲ. ಬತ್ತ ನಿಂತಾಗ ಕೂಲಿ ಹೋಯಿತು. ಗಜನಿ ಮುಚ್ಚಿದ ಕೊಳವಾದಾಗ ಹೆಕ್ಕುವ ಮೀನೂ ಹೋಯಿತು. ಹಲಗೆಯ ಬಗ್ಗೆ ಸಭೆ ಕೂಡಿದರೆ ಅಲ್ಲಿ ಇವರ ಮಾತಿಗೆ ಎಡೆಯಿರಬೇಡವೆ?

ಇಷ್ಟಕ್ಕೂ ತೂಬಿನ ಹಲಗೆ ಒಂದೇ ಅಲ್ಲ. ಹೊಳೆಯ ಮೇಲ್ಗಡೆ ಇನ್ನೂ ದೊಡ್ಡ ಹಲಗೆಗಳಿವೆ. ಕಾಳಿ ನದಿಗೆ ಸೂಪಾದಿಂದ ಕದ್ರಾದವರೆಗೆ ಅಣೆಕಟ್ಟುಗಳ ಸಾಲೇ ಇದೆ. ಕದ್ರಾದ ವಿದ್ಯುದಾಗಾರದಿಂದ ಹೊರಬೀಳುವ ಸಿಹಿನೀರು ಚಂದ್ರನ ಗತಿಯನ್ನು ಅನುಸರಿಸುವುದಿಲ್ಲ. ನಗರಗಳ ವಿದ್ಯುತ್ತಿನ ಬೇಡಿಕೆಯನ್ನು ಅನುಸರಿಸುತ್ತದೆ. 2019ರ ಆಗಸ್ಟಿನಲ್ಲಿ ಮಳೆ ಮಿತಿಮೀರಿ ಕದ್ರಾದಿಂದ ನೀರು ಬಿಟ್ಟಾಗ ಕೆಳಗಿನ ಹಳ್ಳಿಗಳು ಮುಳುಗಿದ್ದನ್ನು ಕಾರವಾರದವರು ಮರೆತಿಲ್ಲ. ಬೇಸಿಗೆಯಲ್ಲಿ ಇದರ ವಿರುದ್ಧದ ತೊಂದರೆ: ಅಳಿವೆಯಲ್ಲಿ ಉಪ್ಪು ಇರಬೇಕಾದ ಕಾಲದಲ್ಲಿ ಸಿಹಿನೀರು ಹರಿದರೆ ಉಪ್ಪನ್ನು ನಂಬಿದ ಜೀವಗಳು ಬಾಳವು. ಹೊನ್ನಾವರದ ಶರಾವತಿ ಅಳಿವೆಯಲ್ಲಿ ವಿದ್ಯುದಾಗಾರಗಳ ನೀರು ವರ್ಷವಿಡೀ ಹರಿಯತೊಡಗಿದ ಮೇಲೆ ಚಿಪ್ಪಿನ ಜೀವಿಗಳು ಕ್ಷೀಣಿಸಿದುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಅವು ಇನ್ನೂ ಸಮೃದ್ಧ. ಗಂಗಾವಳಿಯ ಕಥೆ ಬೇರೆ. ಘಟ್ಟದ ಮೇಲೆ ಬೇಡ್ತಿಯೆಂದು ಕರೆಸಿಕೊಳ್ಳುವ ಅದರ ಮೇಲಿನ ಜಲವಿದ್ಯುತ್ ಯೋಜನೆಯನ್ನು 1980ರ ದಶಕದ ಆರಂಭದಲ್ಲಿ ಜನ ಎದುರಿಸಿ ನಿಲ್ಲಿಸಿದರು. ಬೇಡ್ತಿಯ ನೀರನ್ನು ಪೂರ್ವಕ್ಕೆ ತಿರುಗಿಸಿ ವರದೆಗೆ ಕೂಡಿಸುವ ಮಾತು ಮಾತ್ರ ಮತ್ತೆ ಮತ್ತೆ ಕೇಳಿಬರುತ್ತಿದೆ. ಮೇಲಿನಿಂದ ಇಳಿಯುವ ನೀರು ಕಡಿಮೆಯಾದಷ್ಟೂ ಕೆಳಗಿನಿಂದ ಉಪ್ಪು ಮೇಲೇರುತ್ತದೆಂಬುದು ಹೊಳೆಯ ದಡದಲ್ಲಿ ಹುಟ್ಟಿದ ಯಾರಿಗಾದರೂ ತಿಳಿದ ವಿಷಯ.

ಹಾಗಾದರೆ ದಾರಿ ಯಾವುದು? ಕೇರಳದ ಪೊಕ್ಕಾಳಿ ಪ್ರದೇಶದಲ್ಲಿ ಒಂದು ಬತ್ತ, ಒಂದು ಮೀನು ಎಂಬ ನಿಯಮವನ್ನು ಸಾರಿ, ಸಿಗಡಿಯ ಕಾಲವನ್ನು ನವೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಎಂದು ಗೊತ್ತುಪಡಿಸಿದ್ದಾರೆ. ಅಲ್ಲಿಯೂ ಅದು ಜಗಳವಿಲ್ಲದೆ ನಡೆಯುತ್ತಿದೆಯೆಂದು ಭಾವಿಸಬೇಕಾಗಿಲ್ಲ; ನೀರು ಬಿಡಲು ಗುತ್ತಿಗೆದಾರ ತಡ ಮಾಡುತ್ತಾನೆಂಬ ದೂರು ಅಲ್ಲಿಯೂ ಇದೆ. ಆದರೆ ದೂರು ಕೊಡಲಿಕ್ಕಾದರೂ ಒಂದು ದಿನಾಂಕವಿದೆ. ಬರೆದಿಟ್ಟ ದಿನಾಂಕವಿದ್ದಲ್ಲಿ ದುರ್ಬಲನಿಗೆ ಬೆರಳಿಟ್ಟು ತೋರಿಸಲು ಒಂದು ಸ್ಥಳವಿರುತ್ತದೆ. ನಮ್ಮ ಗಜನಿಗಳಲ್ಲಿಯೂ ಹರಾಜಿನ ಕರಾರಿನ ಮೊದಲ ಸಾಲಿನಲ್ಲಿಯೇ ಹಲಗೆ ತೆರೆಯುವ ದಿನವನ್ನೂ ಮುಚ್ಚುವ ದಿನವನ್ನೂ ಬರೆಯಬಹುದು. ಹರಾಜಿನ ಹಣದಲ್ಲಿ ಒಡ್ಡಿನ ಪಾಲನ್ನು ಮೊದಲು ತೆಗೆದಿಡಬಹುದು. ಬತ್ತ ಬೆಳೆಯುವವನು ಒಬ್ಬನೇ ಉಳಿದರೂ ಅವನ ಋತುವಿಗೆ ಮಾನ್ಯತೆ ಕೊಡಬಹುದು. ಏಕೆಂದರೆ ಕಗ್ಗದ ಬೀಜವನ್ನು ಉಳಿಸಿಕೊಂಡಿರುವವನು ಅವನೇ. ಕಡಲ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಉಪ್ಪನ್ನು ಬಲ್ಲ ಬೀಜ ಯಾವ ಸಂಶೋಧನಾಲಯದ ಸೊತ್ತಿಗಿಂತಲೂ ಕಡಿಮೆಯದಲ್ಲ. ಒಂದು ಊರಿನವರು ನಾಲ್ಕು ವರ್ಷ ಬಿತ್ತದಿದ್ದರೆ ಆ ಬೀಜ ಊರಿನಲ್ಲಿ ಸಿಗುವುದಿಲ್ಲ. ಐದನೆಯ ವರ್ಷ ಮನಸ್ಸು ಬದಲಾದರೂ ಬಿತ್ತುವುದಕ್ಕೆ ಏನೂ ಇರುವುದಿಲ್ಲ.

'ಬಿಗ್ ಕಂಟ್ರಿ'ಯ ಕಪ್ತಾನ ಒಳ್ಳೆಯವನು. ನೀರನ್ನು ಕೊಂಡು ಇಬ್ಬರಿಗೂ ಕೊಡುತ್ತೇನೆಂದ. ಅವನ ಅನಂತರ ಬರುವವನು ಅಷ್ಟೇ ಒಳ್ಳೆಯವನಾಗಿರುತ್ತಾನೆಂಬುದಕ್ಕೆ ಚಿತ್ರ ಯಾವ ಭರವಸೆಯನ್ನೂ ಕೊಡುವುದಿಲ್ಲ. ಶೇನ್ ಅಂತೂ ಕೆಲಸ ಮುಗಿಸಿ ಹೊರಟೇ ಹೋದ. ಚಲಚ್ಚಿತ್ರಕ್ಕೆ ಅದು ಸುಂದರವಾದ ಮುಕ್ತಾಯ; ತೂಬಿಗೆ ಅದು ಸಾಲದು. ಭರತ ನಾಳೆಯೂ ಬರುತ್ತದೆ, ದಿನಕ್ಕೆ ಎರಡು ಸಲ ಬರುತ್ತದೆ. ಪ್ರತಿ ಅಮಾವಾಸ್ಯೆಗೂ ಒಡ್ಡಿನ ಮೇಲೆ ಲಾಟೀನೋ ಬ್ಯಾಟರಿಯೋ ಹಿಡಿದು ನಡೆದು, ಹಲಗೆಯ ಸಂದಿಗೆ ಮಣ್ಣು ಮೆತ್ತಿ ಬರುವವರು ಊರಿನವರೇ ಆಗಿರಬೇಕು, ಗದ್ದೆಯವರೂ ಬಲೆಯವ
ರೂ ಸರದಿಯ ಮೇಲೆ ಹೋಗುವಂತಿದ್ದರೆ ಇನ್ನೂ ಲೇಸು. ಕಾರವಾರ, ಅಂಕೋಲೆಗಳ ಕೆಲವು ಗಜನಿಗಳಲ್ಲಾದರೂ ಬರುವ ಮಳೆಗಾಲದ ಮೊದಲು ಈ ಸರದಿಯ ಪಟ್ಟಿಯೊಂದು ಸಿದ್ಧವಾದರೆ, ನೀರಿನ ಈ ಕಥೆಗೆ ನಾವು ಬರೆಯಬಹುದಾದ ಮುಂದಿನ ಅಧ್ಯಾಯ ಅದೇ ಆಗುತ್ತದೆ.